ನಾಲ್ಕು ಎಂಬಿಯ ಫೋಟೋ

“ಪಾಸ್‌ಪೋರ್ಟ್ ಸೈಜಾ, ಸ್ಟಾಂಪ್ ಸೈಜಾ?”

ಸ್ಟುಡಿಯೋದ ಬಾಗಿಲಲ್ಲಿ ನಿಂತ ಹುಡುಗಿಯನ್ನು ಪ್ರಸನ್ನಕುಮಾರ್ ಸರಿಯಾಗಿ ನೋಡಿಯೂ ಇರಲಿಲ್ಲ. ಅವನ ಕಿವಿಗೆ ಫೋನು ಅಂಟಿಕೊಂಡಿತ್ತು. ಆ ಕಡೆಯಿಂದ ಶಿವಮೊಗ್ಗದ ಪ್ರಿಂಟಿಂಗ್ ಲ್ಯಾಬಿನವನು, ಮದುವೆ ಆಲ್ಬಮ್ಮಿನ ಫೈಲು ಇನ್ನೂ ಬಂದಿಲ್ಲವೆಂದು ಗೊಣಗುತ್ತಿದ್ದ. ಅವಳು ಏನೋ ಹೇಳಲು ಬಾಯಿ ತೆರೆದಳು. ಅವನು ಫೋನಿನವನಿಗೆ ಹೂಂಗುಟ್ಟುತ್ತಲೇ ಒಳಗಿನ ಸ್ಟೂಲಿನ ಕಡೆ ಕೈ ತೋರಿಸಿದ.

ಅವಳು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಹೆಗಲ ಮೇಲಿದ್ದ ಭಾರದ ಚೀಲವನ್ನು ಮೂಲೆಯಲ್ಲಿಟ್ಟು, ಹೋಗಿ ಸ್ಟೂಲಿನ ಮೇಲೆ ಕೂತಳು.

ಫೋನಿಟ್ಟು ಅವನು ದೀಪಗಳನ್ನು ಹಾಕಿದ. ಕ್ಯಾಮೆರಾದ ಹಿಂದೆ ನಿಂತರೆ ಅವನಿಗೆ ಮಾತು ಸಲೀಸು. “ಗಲ್ಲ ಸ್ವಲ್ಪ ಕೆಳಗೆ. ಹಾಂ, ಸಾಕು. ಎಡಗಡೆ ಭುಜ ಇಳಿಸಿ. ನನ್ನನ್ನಲ್ಲ, ಲೆನ್ಸ್ ನೋಡಿ.”

ಅವಳು ಲೆನ್ಸ್ ನೋಡಿದಳು. ತುಟಿ ಬಿಗಿಹಿಡಿದಿದ್ದಳು, ಆದರೆ ನಗು ತುಟಿಯಿಂದ ತಪ್ಪಿಸಿಕೊಂಡು ಕಣ್ಣಿಗೆ ಹೋಗಿ ಕೂತಿತ್ತು. ಹುಬ್ಬಿನ ಪಕ್ಕದಲ್ಲಿ ಸಣ್ಣದೊಂದು ಗಾಯದ ಗುರುತು. ಬಿಸಿಲಿಗೆ ಕಂದಿದ ಕೆನ್ನೆ. ಗಾಳಿಗೆ ಜಡೆಯಿಂದ ಬಿಡಿಸಿಕೊಂಡು ಬಂದ ನಾಲ್ಕಾರು ಕೂದಲೆಳೆ. ಅದನ್ನು ಹಿಂದೆ ಸರಿಸಿಕೊಳ್ಳಿ ಎಂದು ಹೇಳಬೇಕಿತ್ತು. ಅವನು ಹೇಳಲಿಲ್ಲ. ಕ್ಲಿಕ್ ಮಾಡಿದ.

“ಎಷ್ಟು ಕಾಪಿ ಬೇಕು?”

“ಕಾಪಿ ಬೇಡ ಸರ್,” ಅವಳು ಸ್ಟೂಲಿನಿಂದ ಇಳಿದಳು. “ನಾನು ಕೊಪ್ಪದಿಂದ ಬಂದಿದ್ದು, ನಿಮ್ಮ ನೆಟ್ ಎಂತಕ್ಕೆ ಸ್ಲೋ ಅಂತ ನೋಡೋಕೆ. ಬೆಳಿಗ್ಗೆ ಫೋನಲ್ಲಿ ಅಷ್ಟೊತ್ತು ಬೈದ್ರಲ್ಲ, ಅದೇ ನೆಟ್.”

ಪ್ರಸನ್ನ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿದ. ಬೆಳಿಗ್ಗೆ ಫೋನಿನಲ್ಲಿ ಆಡಿದ ಒಂದೊಂದು ಮಾತೂ ನೆನಪಾಯಿತು. ದುಡ್ಡು ತಗೊಳ್ಳುವಾಗ ಮಾತ್ರ ನಿಮ್ಮ ಸ್ಪೀಡ್ ಚೆನ್ನಾಗಿರುತ್ತೆ ಎಂದಿದ್ದ. ಆ ಕಡೆ ಕೇಳುತ್ತಿದ್ದುದು ಹೆಣ್ಣು ದನಿ ಎನ್ನುವುದೂ ಆಗ ಗಮನಕ್ಕೆ ಬಂದಿರಲಿಲ್ಲ.

“ಅಯ್ಯೋ, ಮೊದಲೇ ಹೇಳಬಾರದಿತ್ತಾ?”

“ಹೇಳೋಕೆ ನೀವೆಲ್ಲಿ ಬಿಟ್ರಿ? ಗಲ್ಲ ಕೆಳಗೆ ಅಂದ್ರಿ, ಇಳಿಸಿದೆ.”

ಅವಳ ಹೆಸರು ಚೇತನಾ. ಕೊಪ್ಪದಲ್ಲಿ ಕೇಬಲ್ ಮತ್ತು ಇಂಟರ್ನೆಟ್ ನಡೆಸುವ ರೇಣುಕಪ್ಪನವರ ಅಣ್ಣನ ಮಗಳು. ಡಿಪ್ಲೊಮಾ ಓದಿದವಳು. ತಾಯಿಯ ಮನೆ ಬಾಳೆಹೊನ್ನೂರು, ತಂದೆ ಇಲ್ಲ, ಇರುವುದು ಚಿಕ್ಕಪ್ಪನ ಮನೆಯಲ್ಲಿ. ಕಂಬ ಹತ್ತುವುದಕ್ಕೆ ಬೇರೆ ಜನ ಇದ್ದಾರೆ, ಹತ್ತಿದವರಿಗೆ ಏನು ಮಾಡಬೇಕೆಂದು ಗೊತ್ತಾಗದಿದ್ದಾಗ ತಾನೂ ಹತ್ತುತ್ತೇನೆ ಎಂದಳು. ಇದನ್ನೆಲ್ಲ ಅವನ ಕಂಪ್ಯೂಟರಿನ ಹಿಂದೆ ತಲೆ ತೂರಿಸಿಕೊಂಡೇ ಹೇಳಿದಳು.

ಆ ಕಂಪ್ಯೂಟರು ಹಳೆಯದು. ಅದನ್ನು ಬದಲಾಯಿಸಿ ಎಂದು ಹೇಳಿದವರಿಗೆಲ್ಲ ಪ್ರಸನ್ನ ಕೊಡುತ್ತಿದ್ದ ಉತ್ತರವನ್ನೇ ಅವಳಿಗೂ ಕೊಟ್ಟ. ಆಲ್ಬಮ್ ಮಾಡುವ ಸಾಫ್ಟ್‌ವೇರು ಇದರಲ್ಲಿ ಮಾತ್ರ ನಡೆಯುತ್ತದೆ. ಇದರ ಪರದೆಯಲ್ಲಿ ಕಂಡ ಬಣ್ಣವೇ ಲ್ಯಾಬಿನ ಕಾಗದದ ಮೇಲೂ ಬರುತ್ತದೆ. ಹೊಸದರಲ್ಲಿ ಮದುಮಗಳ ಸೀರೆ ಒಂದು ಬಣ್ಣ, ಆಲ್ಬಮ್ಮಿನಲ್ಲಿ ಇನ್ನೊಂದು ಬಣ್ಣ ಬಂದರೆ ಈ ಎನ್.ಆರ್. ಪುರದಲ್ಲಿ ತಲೆ ಎತ್ತಿ ಓಡಾಡಲಿಕ್ಕಿಲ್ಲ.

“ಬದಲಾಯಿಸಿ ಅಂತ ನಾನೆಲ್ಲಿ ಅಂದೆ?” ಎಂದಳು ಚೇತನಾ. ಆ ಮಾತು ಕೇಳಿ ಅವನಿಗೆ ಯಾಕೋ ನಿರಾಳವಾಯಿತು.

ಅವಳು ತನ್ನ ಫೋನಿನಲ್ಲಿ ಅವನ ವೈಫೈ ಹಿಡಿದು ಸ್ಪೀಡ್ ನೋಡಿದಳು. ತೊಂಬತ್ತರ ಮೇಲೆ ಇತ್ತು. ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿ ನೋಡಿದಳು. ನಾಲ್ಕು.

“ಅಲ್ಲಿಗೆ ನಮ್ಮ ಲೈನಲ್ಲಿ ತಪ್ಪಿಲ್ಲ ಅಂತಾಯ್ತು.”

“ಹಾಗಾದ್ರೆ ತಪ್ಪು ನನ್ನ ಕಂಪ್ಯೂಟರಿಂದಾ?”

“ಇಬ್ಬರದೂ ಅಲ್ಲದೆ ಮಧ್ಯದಲ್ಲಿ ಎಲ್ಲೋ ಇರಬಹುದು. ನೋಡೋಣ.”

ಕಂಪ್ಯೂಟರಿನಿಂದ ಕೇಬಲ್ ಬಿಚ್ಚಿ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಅದರಲ್ಲೂ ಸ್ಪೀಡು ತೆವಳಿತು. ಕೇಬಲ್ಲನ್ನೇ ಹಿಡಿದುಕೊಂಡು ಗೋಡೆಯುದ್ದಕ್ಕೂ ಹೋದಳು. ಹಿನ್ನೆಲೆಗೆ ಇಳಿಬಿಡುವ ಜಲಪಾತದ ಪರದೆಯ ಹಿಂದೆ ಮಾಯವಾದಳು. ಸ್ವಲ್ಪ ಹೊತ್ತಿಗೆ ಪರದೆಯ ಅಂಚಿನಿಂದ ಕೈಯೊಂದು ಹೊರಬಂದು ಕೇಬಲ್ಲಿನ ತುಂಡನ್ನು ತೋರಿಸಿತು.

“ಇಲಿ. ಒಳಗಿರೋ ಎಂಟು ತಂತೀಲಿ ಮೂರು ತಿಂದಿದೆ. ಉಳಿದಿದ್ರಲ್ಲಿ ಹೆಂಗೋ ಕಾಲ ಹಾಕ್ತಿತ್ತು ಪಾಪ. ಇಷ್ಟುದ್ದದ ಕೇಬಲ್ ಇವತ್ತು ತಂದಿಲ್ಲ. ಇನ್ನೆರಡು ದಿನದಲ್ಲಿ ಬರ್ತೀನಿ.”

ಹೊರಡುವಾಗ ನೆನಪಿಸಿಕೊಂಡಳು. “ಆ ಫೋಟೋ ಡಿಲೀಟ್ ಮಾಡಿಬಿಡಿ ಸರ್.”

ಅವನು ಕಂಪ್ಯೂಟರಿನಲ್ಲಿ ಫೋಟೋ ತೆರೆದ. ಡಿಲೀಟ್ ಮಾಡುವ ಮೊದಲು ಅವಳು ನೋಡಲೆಂದು ಪರದೆಯನ್ನು ಸ್ವಲ್ಪ ಆಚೆ ತಿರುಗಿಸಿದ. ಚೇತನಾ ಬಗ್ಗಿ ನೋಡಿದಳು.

“ನಾನು ಹಿಂಗಿದೀನಾ?”

“ಹಿಂಗೇ ಇದೀರಿ. ನಾನೆಂತದೂ ಮಾಡಿಲ್ಲ ಅದಕ್ಕೆ.”

“ಇರಲಿ ಬಿಡಿ ಹಾಗಾದ್ರೆ,” ಎಂದು ಚೀಲ ಹೆಗಲಿಗೇರಿಸಿ ಹೊರಟಳು. ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಸ್ಕೂಟಿ ಮರೆಯಾಗುವವರೆಗೂ ಅವನು ಬಾಗಿಲಲ್ಲೇ ನಿಂತಿದ್ದ.

ಹೇಳಿದ ದಿನ ಅವಳು ಬಂದಳು. ಇಬ್ಬರೂ ಸೇರಿ ಗೋಡೆಯ ಮೇಲೆ ಹೊಸ ಕೇಬಲ್ ಎಳೆದರು. ಅವನು ಸ್ಟೂಲು ಹಿಡಿದುಕೊಂಡ, ಅವಳು ಮೇಲೆ ನಿಂತು ಕ್ಲಿಪ್ ಹೊಡೆದಳು. ಮಹಡಿಯ ಮನೆಯಿಂದ ಪ್ರಸನ್ನನ ತಾಯಿ ಪ್ರೇಮಕ್ಕ ಕಾಫಿ ತಂದವರು, ಹುಡುಗಿ ಮೇಲೆ, ಮಗ ಕೆಳಗೆ ನಿಂತಿದ್ದನ್ನು ನೋಡಿ, ಲೋಟ ಇಟ್ಟು, ಹೋಗದೆ ಮೆಟ್ಟಿಲ ಮೇಲೇ ಕೂತರು.

ಸ್ಪೀಡು ಹನ್ನೊಂದಕ್ಕೆ ಬಂದು ನಿಂತಿತು. ಚೇತನಾ ಕೆಳಗಿಳಿದು ಕಂಪ್ಯೂಟರಿನ ಮುಂದೆ ಕೂತು ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದಳು.

“ನೋಡಿ ಇಲ್ಲಿ. ಯಾವ ಕಾಲದಲ್ಲೋ ಯಾರೋ ಇದನ್ನ ಹಾಫ್ ಡ್ಯುಪ್ಲೆಕ್ಸ್ ಅಂತ ಇಟ್ಟಿದಾರೆ.”

“ಹಾಗಂದ್ರೆ?”

“ಒಬ್ರು ಮಾತಾಡುವಾಗ ಇನ್ನೊಬ್ರು ಬಾಯಿ ಮುಚ್ಕೊಂಡಿರಬೇಕು, ಅದು ಇದರ ಲೆಕ್ಕ. ಆ ಕಡೆ ಇರೋ ನಮ್ಮ ಪೆಟ್ಟಿಗೆ, ಇಬ್ರೂ ಒಟ್ಟಿಗೆ ಮಾತಾಡಬಹುದು ಅಂದ್ಕೊಂಡಿದೆ. ಅದು ಮಾತಾಡ್ತಾನೇ ಇರುತ್ತೆ. ಇದು ಅರ್ಧಕ್ಕೆ ನಿಲ್ಲಿಸಿ, ಸುಮ್ಮನೆ ಕೂತು, ಮತ್ತೆ ಮೊದಲಿಂದ ಶುರು ಮಾಡುತ್ತೆ.”

“ನಮ್ಮಮ್ಮನೂ ನಾನೂ ಇದ್ದ ಹಾಗೆ.”

“ನಂಗೆ ಕೇಳ್ತು,” ಎಂದರು ಪ್ರೇಮಕ್ಕ ಮೆಟ್ಟಿಲ ಮೇಲಿಂದ.

ಚೇತನಾ ನಕ್ಕಳು. ನಗುವಾಗ ಅವಳ ಹುಬ್ಬಿನ ಪಕ್ಕದ ಗುರುತು ಸ್ವಲ್ಪ ಮೇಲೇರುತ್ತಿತ್ತು. ಪ್ರಸನ್ನ ಅದನ್ನು ನೋಡಿದ. ನೋಡಿದ್ದನ್ನು ಅವಳು ನೋಡಿದಳು. ಇಬ್ಬರೂ ಒಟ್ಟಿಗೇ ಕಂಪ್ಯೂಟರಿನ ಕಡೆ ತಿರುಗಿಕೊಂಡರು.

ಸೆಟ್ಟಿಂಗ್ ಬದಲಿಸಿದ ಮೇಲೆ ಸ್ಪೀಡು ನಲವತ್ತಕ್ಕೆ ಹಾರಿತು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮತ್ತೆ ಹತ್ತಕ್ಕೆ ಬಿತ್ತು. ಅವಳು ಕಂಪ್ಯೂಟರಿನ ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು, ಕೇಬಲ್ ಬಂದು ಸೇರುವ ಜಾಗವನ್ನು ಬೆರಳಿಂದ ಮುಟ್ಟಿದಳು. ಕಾದಿತ್ತು.

“ಇದಕ್ಕೆ ವಯಸ್ಸಾಗಿದೆ. ಬಿಸಿ ಆದ ಕೂಡಲೇ ಕೈಚೆಲ್ಲುತ್ತೆ. ಬೇರೆ ನೆಟ್‌ವರ್ಕ್ ಕಾರ್ಡ್ ಹಾಕಿದ್ರೆ ಸರಿಯಾಗುತ್ತೆ, ಆದ್ರೆ ಇಷ್ಟು ಹಳೇ ಪೆಟ್ಟಿಗೆಗೆ ಹೊಂದೋ ಕಾರ್ಡ್ ಕೊಪ್ಪದಲ್ಲಿ ಸಿಗಲ್ಲ. ತರಿಸ್ಬೇಕು.” ಮುಚ್ಚಳ ಹಾಕುತ್ತಾ ಸೇರಿಸಿದಳು. “ಅಲ್ಲೀ ತನಕ ಸಂಜೆ ನಾನು ಫೋನ್ ಮಾಡ್ತೀನಿ. ಆವತ್ತಿನ ಸ್ಪೀಡ್ ಎಷ್ಟು ಅಂತ ಹೇಳ್ತೀರಾ? ಬರೀ ಬಿಸಿಯಿಂದಾನೋ, ಬೇರೇನಾದ್ರೂ ಇದೆಯೋ ಗೊತ್ತಾಗುತ್ತೆ.”

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಬರುತ್ತಿತ್ತು.

“ಇವತ್ತೆಷ್ಟು?”

“ಹನ್ನೆರಡು. ಮಧ್ಯಾಹ್ನ ಇಪ್ಪತ್ತಿತ್ತು.”

“ಹೂಂ.”

ಮೊದಲ ದಿನ ಅಲ್ಲಿಗೇ ಮುಗಿಯಿತು. ಮರುದಿನ ಹೂಂ ಆದ ಮೇಲೆ ಇಬ್ಬರೂ ಫೋನ್ ಇಡಲಿಲ್ಲ. ಆಮೇಲಾಮೇಲೆ ನಂಬರು ಹೇಳುವುದು ಬಾಗಿಲು ತಟ್ಟಿದ ಹಾಗೆ ಆಯಿತು, ಮಾತು ಶುರುವಾಗುತ್ತಿದ್ದುದು ಒಳಗೆ ಬಂದ ಮೇಲೆ. ಶೃಂಗೇರಿ ಕಡೆಯ ಸಿರಿಮನೆಯ ಲೈನಿನಲ್ಲಿ ಮಂಗಗಳು ಕೇಬಲ್ ಹಿಡಿದು ಜೀಕುವುದನ್ನು ಅವಳು ಹೇಳುತ್ತಿದ್ದಳು. ಒಂದು ಮುದಿ ಮಂಗ ಉಳಿದವನ್ನೆಲ್ಲ ಓಡಿಸಿ ತಾನೊಂದೇ ಜೀಕುತ್ತದೆಯಂತೆ, ಅದು ಇಳಿಯುವ ತನಕ ಇವರು ಏಣಿ ಹಿಡಿದು ಕೆಳಗೆ ಕಾಯಬೇಕಂತೆ. ಪ್ರಸನ್ನ ಆ ಮಂಗನ ಸಮಾಚಾರವನ್ನು ದಿನಾ ವಿಚಾರಿಸತೊಡಗಿದ.

ಅವನ ಹತ್ತಿರವೂ ಕಥೆಗಳಿದ್ದವು. ಬಾಳೆಹೊನ್ನೂರಿನ ಛತ್ರದಲ್ಲಿ ಮಂಟಪದ ಮೇಲೆ ಕೂತೇ ನಿದ್ದೆ ಹೋದ ಮದುಮಗ. ಫೋಟೋಕ್ಕೆ ಯಾರು ಎಲ್ಲಿ ನಿಲ್ಲಬೇಕೆಂದು ಜಗಳಾಡಿಕೊಂಡು ಕೊನೆಗೆ ನಿಲ್ಲದೇ ಹೋದ ಇಬ್ಬರು ಅತ್ತೆಯರು. ಇಷ್ಟು ವರ್ಷ ಊರವರ ಮದುವೆಗಳನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದವನು, ಅವರ ಕಳ್ಳನೋಟಗಳನ್ನು ಹುಡುಕಿ ಹುಡುಕಿ ಹಿಡಿದವನು, ತನ್ನ ಮದುವೆಯ ಮಾತು ಬಂದಾಗ ಮಾತ್ರ ಕ್ಯಾಮೆರಾದ ಹಿಂದೆಯೇ ನಿಂತುಬಿಟ್ಟಿದ್ದ. ಒಂದೆರಡು ಸಂಬಂಧ ಬಂದು ಹೋಗಿದ್ದವು. ಮೂವತ್ತೈದು ದಾಟಿತ್ತು.

ಒಂದು ಸಂಜೆ ಸ್ಪೀಡು ತಾನಾಗಿಯೇ ಐವತ್ತು ಮುಟ್ಟಿತು. “ಇವತ್ತೆಷ್ಟು?” ಎಂದು ಅವಳು ಕೇಳಿದಾಗ ಅವನು ಸುಳ್ಳು ಹೇಳುವುದೋ ನಿಜ ಹೇಳುವುದೋ ಎಂದು ತಡವರಿಸಿದ.

“ಐವತ್ತು.”

“ಓ,” ಎಂದಳು. ಆ ದನಿಯಲ್ಲಿ ಖುಷಿ ಇರಲಿಲ್ಲ.

ಮಾರನೆಯ ದಿನ ಅದು ಒಂಬತ್ತಕ್ಕೆ ಇಳಿದಿತ್ತು. ಇಬ್ಬರೂ ಬಹಳ ಹೊತ್ತು ಮಾತಾಡಿದರು.

ಆ ವಾರವೇ ರೇಣುಕಪ್ಪನವರ ಫೋನು ಬಂತು.

“ಮಾರಾಯ್ರೆ, ನಮ್ಮ ಚೇತನಾಳ ಫೋಟೋ ಒಂದು ನಿಮ್ಮ ಹತ್ರ ಇದೆಯಂತಲ್ಲ. ಹುಡುಗಿ ಸ್ಟುಡಿಯೋಕ್ಕೆ ಬಾ ಅಂದ್ರೆ ಬರಲ್ಲ, ಅದೇ ಸಾಕು ಅಂತಾಳೆ. ತರೀಕೆರೆ ಕಡೆಯಿಂದ ಒಂದು ಸಂಬಂಧ ಬಂದಿದೆ. ಒಳ್ಳೆ ಜನ, ಹಾರ್ಡ್‌ವೇರ್ ಅಂಗಡಿ. ವಾಟ್ಸಾಪಲ್ಲಿ ಕಳಿಸಿದ್ರೆ ಮಸುಕಾಗುತ್ತೆ, ಮೇಲ್ ಮಾಡಿ ಅಂದಿದಾರೆ. ಸ್ವಲ್ಪ ಬೆಳ್ಳಗೆ ಮಾಡಿ ಕಳಿಸಿಬಿಡಿ.”

ಪ್ರಸನ್ನ ಮೇಲ್ ಐಡಿ ಬರೆದುಕೊಂಡ. ಆಯ್ತು ಎಂದ. ಬೇರೆ ಏನು ಹೇಳಲಿಕ್ಕೆ ಬರುತ್ತಿತ್ತು?

ಫೋಟೋ ತೆರೆದ. ಸಂಬಂಧಕ್ಕೆ ಕಳಿಸುವ ಫೋಟೋಗಳಿಗೆ ಬಣ್ಣ ತಿಳಿ ಮಾಡುವುದು, ಕಲೆ ಅಳಿಸುವುದು ಅವನ ನಿತ್ಯದ ಕೆಲಸ. ಹುಬ್ಬಿನ ಪಕ್ಕದ ಆ ಗುರುತಿನ ಮೇಲೆ ಮೌಸ್ ತಂದು ನಿಲ್ಲಿಸಿದ. ಮತ್ತೆ ಹಿಂದೆ ತೆಗೆದ. ಬೆಳ್ಳಗೆ ಮಾಡುವುದಕ್ಕೂ ಮನಸ್ಸು ಬರಲಿಲ್ಲ. ಇದ್ದ ಹಾಗೆಯೇ ಫೋಟೋವನ್ನು ಮೇಲಿಗೆ ಸೇರಿಸಿದ. ವಿಳಾಸ ಹಾಕಿದ. ಕಳಿಸುವ ಗುಂಡಿ ಒತ್ತುವುದೊಂದು ಉಳಿಯಿತು.

ಆಗ ಗಿರಾಕಿಯೊಬ್ಬರು ಬಂದರು. ಆಮೇಲೆ ಊಟದ ಹೊತ್ತಾಯಿತು. ಆಮೇಲೆ ನಾಳೆ ಕಳಿಸಿದರಾಯಿತು ಎಂದುಕೊಂಡ. ನಾಳೆಯೂ ಬಂದು ಹೋಯಿತು. ಸಂಜೆ ಚೇತನಾ ಫೋನ್ ಮಾಡಿದಾಗ ನಂಬರು ಹೇಳಿದ, ಮಂಗನ ವಿಷಯ ಕೇಳಿದ. ಫೋಟೋದ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಎತ್ತಲಿ ಎಂದು ಅವಳು ಕಾಯುತ್ತಿರಬಹುದೆನ್ನುವುದು ಅವನಿಗೆ ಹೊಳೆಯಲಿಲ್ಲ.

ರೇಣುಕಪ್ಪ ಮತ್ತೆ ಫೋನ್ ಮಾಡಿದರು. “ಫೋಟೋ ತಲುಪಿಲ್ವಂತೆ?”

“ನೆಟ್ ಸ್ಲೋ ಇದೆ ರೇಣುಕಪ್ಪನೋರೆ,” ಎಂದುಬಿಟ್ಟ. ಬಾಯಿಂದ ಬಿದ್ದ ಮೇಲೆ, ಹೇಳಬಾರದಿತ್ತು ಅನಿಸಿತು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಚೇತನಾ ಬಂದು ನಿಂತಿದ್ದಳು. ಮುಖದಲ್ಲಿ ನಗುವಿರಲಿಲ್ಲ.

“ಕಾರ್ಡ್ ಬಂತು. ನಿನ್ನೆ ಚಿಕ್ಕಪ್ಪ ಸರಿಯಾಗಿ ಬೈದ್ರು, ಇಷ್ಟು ದಿನ ಆದ್ರೂ ಒಂದು ಸ್ಟುಡಿಯೋದ ನೆಟ್ ಸರಿ ಮಾಡೋಕೆ ಆಗ್ಲಿಲ್ವಾ ಅಂತ.”

ಅವಳು ಕಂಪ್ಯೂಟರಿನ ಪೆಟ್ಟಿಗೆ ತೆರೆದು, ಧೂಳು ಒರೆಸಿ, ಹೊಸ ಕಾರ್ಡನ್ನು ಕೂರಿಸಿ ಸ್ಕ್ರೂ ಬಿಗಿದಳು. ಬೆರಳುಗಳು ಚುರುಕಾಗಿದ್ದವು. ಕಂಪ್ಯೂಟರು ಎದ್ದಿತು. ಸ್ಪೀಡು ತೊಂಬತ್ತೈದು. ಅರ್ಧ ಗಂಟೆ ಬಿಟ್ಟು ನೋಡಿದರೂ ತೊಂಬತ್ತೈದು.

“ಒಂದು ದೊಡ್ಡ ಫೈಲ್ ಕಳಿಸಿ ನೋಡೋಣ,” ಎಂದು ಅವಳೇ ಮೇಲ್ ತೆರೆದಳು. ಪ್ರಸನ್ನ ಬೇಡ ಎನ್ನುವಷ್ಟರಲ್ಲಿ ಕಳಿಸದೆ ಉಳಿದ ಮೇಲು ಎದುರಿಗೆ ಬಂದಿತ್ತು. ಅದರಲ್ಲಿ ಅವಳ ಮುಖವಿತ್ತು.

ಅವಳು ಅದನ್ನೇ ನೋಡಿದಳು. ಆಮೇಲೆ, ಅದನ್ನು ಬರೆದಿಟ್ಟ ಮರುದಿನ ಲ್ಯಾಬಿಗೆ ಹೋಗಿದ್ದ ಮದುವೆ ಆಲ್ಬಮ್ಮಿನ ಮೇಲನ್ನು ನೋಡಿದಳು.

“ಆರುನೂರು ಎಂಬಿಯ ಆಲ್ಬಮ್ ಹೋಗಿದೆ. ನಾಲ್ಕು ಎಂಬಿಯ ಫೋಟೋ ಹೋಗಿಲ್ಲ.”

ಪ್ರಸನ್ನ ತಲೆ ತಗ್ಗಿಸಿದ.

“ಎಂತಕ್ಕೆ ಕಳಿಸ್ಲಿಲ್ಲ?”

“ಮನಸ್ಸು ಬರಲಿಲ್ಲ.”

“ಅದನ್ನ ಯಾರಿಗಾದ್ರೂ ಹೇಳಿದ್ರಾ?”

ಅವಳ ದನಿ ಏರಲಿಲ್ಲ, ಅದೇ ಅವನಿಗೆ ಹೆಚ್ಚು ತಾಗಿತು.

“ನನ್ನ ಫೋಟೋ ಯಾರಿಗೆ ಹೋಗ್ಬೇಕು, ಯಾರಿಗೆ ಹೋಗ್ಬಾರ್ದು ಅಂತ ನೀವೊಬ್ರೇ ತೀರ್ಮಾನ ಮಾಡಿಬಿಟ್ರಿ. ಕೇಳಿದವರಿಗೆ ನನ್ನ ಲೈನ್ ಸರಿಯಿಲ್ಲ ಅಂದ್ರಿ. ದಿನಾ ಸಂಜೆ ನಾನು ಫೋನ್ ಮಾಡ್ತಿದ್ದೆ. ಒಂದು ದಿನ, ಒಂದೇ ಒಂದು ದಿನ ಬಾಯಿಬಿಟ್ಟು ಹೇಳಬಹುದಿತ್ತು.”

ಅವಳೇ ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಫೋಟೋ ತರೀಕೆರೆಗೆ ಹೋಯಿತು.

“ಈಗ ನಿಮ್ಮ ನೆಟ್ ಸರಿಯಾಗಿದೆ,” ಎಂದು ಚೀಲ ಎತ್ತಿಕೊಂಡು ಹೊರಟಳು. ಆ ಸಂಜೆ ಫೋನು ಬರಲಿಲ್ಲ.

ಆಲ್ಬಮ್ಮುಗಳು ಈಗ ಕಾಫಿ ಕುಡಿಯುವಷ್ಟರಲ್ಲಿ ಶಿವಮೊಗ್ಗ ತಲುಪುತ್ತಿದ್ದವು. ಲ್ಯಾಬಿನವನು ಹೊಗಳಿದ. ಪ್ರಸನ್ನನಿಗೆ ಆ ಹೊಗಳಿಕೆ ರುಚಿಸಲಿಲ್ಲ. ಸಂಜೆಯಾದರೆ ಸುಮ್ಮನೆ ಸ್ಪೀಡ್ ಟೆಸ್ಟ್ ಮಾಡುತ್ತಿದ್ದ. ತೊಂಬತ್ತೈದು ಬರುತ್ತಿತ್ತು, ಹೇಳಲು ಯಾರೂ ಇರಲಿಲ್ಲ. ಫೋನ್ ಕೈಗೆತ್ತಿಕೊಂಡು ಅವಳ ಹೆಸರಿನ ಮೇಲೆ ಬೆರಳಿಟ್ಟು ತೆಗೆಯುತ್ತಿದ್ದ. ಕ್ಷಮಿಸಿ ಎನ್ನುವುದನ್ನೂ ಫೋನಿನ ಹಿಂದೆ ನಿಂತು ಹೇಳುವುದೇ ಎಂದು ನಾಚಿಕೆಯಾಗುತ್ತಿತ್ತು.

ಹಾಗೆ ಒಂದು ವಾರ ಹೋಯಿತು. ಪ್ರೇಮಕ್ಕ ಊಟಕ್ಕೆ ಬಡಿಸುತ್ತಾ ಕೇಳಿದರು. “ನೆಟ್ಟಿನ ಹುಡುಗಿ ಬರೋದೇ ಇಲ್ಲಲ್ಲ?”

“ರಿಪೇರಿ ಆಯ್ತಲ್ಲಮ್ಮ.”

“ಯಾವುದು ರಿಪೇರಿ ಆಯ್ತೋ. ನಿನ್ನ ಮುಖ ನೋಡಿದ್ರೆ ಹಂಗೆ ಕಾಣಲ್ಲ.” ಅನ್ನಕ್ಕೆ ಸಾರು ಹಾಕಿ, ತಾಯಿ ಮೆಲ್ಲಗೆ ಹೇಳಿದರು. “ಹೋಗಿ ಬಾ ಮಗ. ಅಂಗಡಿ ಒಂದು ದಿನ ಮುಚ್ಚಿದ್ರೆ ಊರೇನೂ ಮುಳುಗಲ್ಲ.”

ಮಾರನೆಯ ಬೆಳಿಗ್ಗೆ ಅವನು ಕೊಪ್ಪದ ಬಸ್ ಹತ್ತಿದ. ದಾರಿಯ ಎರಡೂ ಕಡೆ ತೋಟಗಳಲ್ಲಿ ಕಾಫಿ ಹೂ ಬಿಟ್ಟಿತ್ತು. ಕಿಟಕಿಯಿಂದ ಬರುತ್ತಿದ್ದ ಆ ಪರಿಮಳಕ್ಕೆ ಬಸ್ಸಿನ ಜನವೆಲ್ಲ ಮಾತು ಕಡಿಮೆ ಮಾಡಿದ ಹಾಗಿತ್ತು. ಅವನು ಮೊದಲು ಹೋಗಿದ್ದು ರೇಣುಕಪ್ಪನವರ ಆಫೀಸಿಗೆ. ಚೇತನಾ ಅಲ್ಲಿರಲಿಲ್ಲ. ರೇಣುಕಪ್ಪ ಕನ್ನಡಕ ಹಣೆಗೇರಿಸಿಕೊಂಡು ಯಾವುದೋ ಬಿಲ್ ನೋಡುತ್ತಿದ್ದರು.

“ಮತ್ತೆ ಸ್ಲೋ ಆಯ್ತಾ ಮಾರಾಯ್ರೆ?”

“ಇಲ್ಲ. ಚೆನ್ನಾಗಿದೆ. ಒಂದು ವಿಷಯ ಹೇಳೋಕೆ ಬಂದೆ.” ಪ್ರಸನ್ನ ನಿಂತೇ ಹೇಳಿದ. “ಆವತ್ತು ಫೋಟೋ ಹೋಗದೇ ಇದ್ದಿದ್ದು ನೆಟ್ಟಿನಿಂದ ಅಲ್ಲ. ನಾನೇ ಕಳಿಸ್ಲಿಲ್ಲ. ನಿಮಗೆ ಸುಳ್ಳು ಹೇಳಿದೆ. ಚೇತನಾ ಅವರ ಕೆಲಸದಲ್ಲಿ ಏನೂ ತಪ್ಪಿಲ್ಲ.”

ರೇಣುಕಪ್ಪ ಕನ್ನಡಕವನ್ನು ಕೆಳಗಿಳಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಎಂತಕ್ಕೆ ಕಳಿಸ್ಲಿಲ್ಲ?”

“ಅದನ್ನ ಮೊದಲು ಅವರಿಗೆ ಹೇಳ್ಬೇಕು. ಆಮೇಲೆ ನಿಮಗೆ ಹೇಳ್ತೀನಿ.”

ರೇಣುಕಪ್ಪ ಬಿಲ್ಲುಗಳನ್ನು ಜೋಡಿಸಿದರು, ಪೆನ್ನಿನ ಮುಚ್ಚಳ ಹಾಕಿದರು. ಕೊನೆಗೆ ಹೇಳಿದರು. “ಹಾಗಾದ್ರೆ ನಮ್ಮ ಕಂಪನಿ ಮರ್ಯಾದೆ ಉಳೀತು ಅನ್ನಿ. ಅವಳು ಹರಿಹರಪುರದಲ್ಲಿದಾಳೆ, ಹೊಳೆ ಹತ್ರ. ಶೃಂಗೇರಿ ಬಸ್ ಈಗ ಬರುತ್ತೆ, ಹತ್ತಿ.”

ಹರಿಹರಪುರದಲ್ಲಿ ಇಳಿದು ಅವನು ತುಂಗೆಯ ಕಡೆ ನಡೆದ. ರಸ್ತೆ ಬದಿಯ ಮರದ ನೆರಳಿನಲ್ಲಿ ಸ್ಕೂಟಿ ನಿಂತಿತ್ತು. ಪಕ್ಕದಲ್ಲಿ ಚೇತನಾ ನೆಲಕ್ಕೆ ಟಾರ್ಪಾಲು ಹಾಸಿ ಕೂತು, ನೆಟ್ ಕೇಬಲ್ಲಿನೊಳಗಿನ, ಕೂದಲಿಗಿಂತ ಸಣ್ಣದಾದ ಗಾಜಿನ ಎಳೆಗಳ ತುದಿಗಳನ್ನು ಪುಟ್ಟ ಯಂತ್ರವೊಂದರಲ್ಲಿಟ್ಟು ಬೆಸೆಯುತ್ತಿದ್ದಳು. ಅವನ ನೆರಳು ಟಾರ್ಪಾಲಿನ ಮೇಲೆ ಬಿದ್ದರೂ ತಲೆ ಎತ್ತಲಿಲ್ಲ.

“ಸ್ವಲ್ಪ ಆ ಕಡೆ ನಿಲ್ಲಿ. ಬೆಳಕಿಗೆ ಅಡ್ಡ ಬರ್ತಿದೀರಿ.”

ಅವನು ಸರಿದು ನಿಂತ. ಎಳೆ ಕೂಡಿತು. ಅವಳು ಅದರ ಮೇಲೆ ಸಣ್ಣ ಕವಚ ಜಾರಿಸಿ, ಆಮೇಲೆ ನೋಡಿದಳು.

“ಚಿಕ್ಕಪ್ಪನ ಹತ್ರ ಹೇಳಿದ್ರಂತೆ. ಈಗ ಫೋನ್ ಮಾಡಿದ್ರು.”

“ಹೂಂ.”

“ತರೀಕೆರೆಯವರು ಭಾನುವಾರ ಬಂದಿದ್ರು.”

ಪ್ರಸನ್ನ, ಕೇಳಿಸಿಕೊಳ್ಳಬೇಕಾದ್ದನ್ನು ಕೇಳಿಸಿಕೊಳ್ಳಲೇಬೇಕು ಎಂದು ನಿಂತ.

“ಒಳ್ಳೆ ಜನ. ಹುಡುಗನೂ ಒಳ್ಳೆಯವನೇ. ಫೋಟೋ ಅವ್ರಿಗೆ ಇಷ್ಟ ಆಗಿತ್ತು.” ಅವಳು ಯಂತ್ರದ ಮುಚ್ಚಳ ಮುಚ್ಚಿದಳು. “ನಾನು ಬೇಡ ಅಂದೆ. ಚಿಕ್ಕಪ್ಪ ಕಾರಣ ಕೇಳಿದ್ರು. ಹೇಳೋಕೆ ನನ್ನ ಹತ್ರ ಏನಿತ್ತು? ಸಿರಿಮನೆ ಮಂಗ ಏನ್ ಮಾಡ್ತಿದೆ ಅಂತ ದಿನಾ ಕೇಳೋರು ಒಬ್ರಿದ್ರು, ಅವರು ಬಾಯಿಬಿಟ್ಟು ಏನೂ ಹೇಳಿಲ್ಲ ಅನ್ಲಾ?”

ಹೊಳೆಯ ಕಡೆಯಿಂದ ಗಾಳಿ ಬಂತು. ಪ್ರಸನ್ನ ಟಾರ್ಪಾಲಿನ ಅಂಚಿನಲ್ಲಿ ಅವಳ ಎದುರಿಗೆ ಕೂತ. ಅವನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡ.

“ತಪ್ಪಾಯ್ತು. ಕಳಿಸ್ದೇ ಇದ್ದಿದ್ದಕ್ಕಿಂತ ಹೇಳ್ದೇ ಇದ್ದಿದ್ದು ದೊಡ್ಡ ತಪ್ಪು.”

“ಈಗ ಹೇಳಿ.”

“ನೀವು ನಮ್ಮನೆಗೆ ಬರ್ಬೇಕು. ರಿಪೇರಿಗಲ್ಲ.” ನಿಲ್ಲಿಸಿದರೆ ಮತ್ತೆ ಶುರು ಮಾಡಲಾಗದು ಎಂಬ ಭಯಕ್ಕೆ ಮುಂದುವರಿಸಿದ. “ಸಂಜೆ ಆದ್ರೆ ನಿಮ್ಮ ದನಿ ಕೇಳ್ಬೇಕು ಅನ್ಸುತ್ತೆ. ಬೆಳಿಗ್ಗೆ ಆದ್ರೂ ಅನ್ಸುತ್ತೆ. ಇಷ್ಟು ಜನರ ಮದುವೆ ಫೋಟೋ ತೆಗೆದೆ, ನನಗೂ ಬೇಕು ಅಂತ ಯಾವತ್ತೂ ಅನ್ಸಿರಲಿಲ್ಲ. ಈಗ ಅನ್ಸಿದೆ. ನಿಮಗೆ ಇಷ್ಟ ಇಲ್ಲ ಅಂದ್ರೆ ಹೇಳಿಬಿಡಿ, ನಾನು ಮುಂದಿನ ಬಸ್ಸಿಗೆ ಹೋಗ್ತೀನಿ. ಸುಮ್ಮನೆ ಮಾತ್ರ ಇರಬೇಡಿ.”

ಚೇತನಾ ಟಾರ್ಪಾಲಿನ ಮೇಲೆ ಬಿದ್ದಿದ್ದ ಎಲೆಯೊಂದನ್ನು ಎತ್ತಿ ಅದರ ನರಗಳನ್ನು ನೋಡುತ್ತಾ ಕೂತಳು. ಕಣ್ಣು ತುಂಬಿದ್ದನ್ನು ಅವನು ನೋಡದಿರಲೆಂದು.

“ನಾನು ಈ ಕೆಲಸ ಬಿಡಲ್ಲ.”

“ಬಿಡಿ ಅಂತ ಯಾರಂದ್ರು?”

“ಎನ್.ಆರ್. ಪುರದಿಂದ ದಿನಾ ಓಡಾಡ್ತೀನಿ. ಒಂದೊಂದು ದಿನ ಲೇಟಾಗುತ್ತೆ.”

“ಲೇಟಾದ್ರೆ ಅಮ್ಮ ಅನ್ನ ಮುಚ್ಚಿಡ್ತಾರೆ. ನಾನು ಸಾರು ಬಿಸಿ ಮಾಡ್ತೀನಿ.”

“ಸಾರು ಬಿಸಿ ಮಾಡೋಕೆ ಬರುತ್ತಾ?”

“ಅಷ್ಟು ಬರುತ್ತೆ.”

ಅವಳು ಅವನ ಕಡೆ ನೋಡಿದಳು. ಈ ಸಲ ಇಬ್ಬರಲ್ಲಿ ಯಾರೂ ಬೇರೆ ಕಡೆ ತಿರುಗಲಿಲ್ಲ. “ಅಮ್ಮ ಬಾಳೆಹೊನ್ನೂರಲ್ಲಿದಾಳೆ. ಭಾನುವಾರ ನಿಮ್ಮಮ್ಮನ್ನ ಕರ್ಕೊಂಡು ಅಲ್ಲಿಗೆ ಬನ್ನಿ. ಚಿಕ್ಕಪ್ಪಂಗೆ ನೀವು ಹೇಳ್ತೀನಿ ಅಂದಿದ್ರಂತಲ್ಲ, ಅದನ್ನ ಅಲ್ಲೇ ಎಲ್ಲರ ಮುಂದೆ ಹೇಳಿ.”

“ಎಲ್ಲರ ಮುಂದಾ?”

“ಹೂಂ. ಎಲ್ಲರ ಮುಂದೆ. ಜೋರಾಗಿ.”

ಮೇಲಿನ ರಸ್ತೆಯಲ್ಲಿ ಕೊಪ್ಪದ ಕಡೆ ಹೋಗುವ ಬಸ್ಸು ಹಾರ್ನ್ ಮಾಡಿತು. ಇಬ್ಬರೂ ಕೇಳಿಸಿಕೊಂಡರು. ಅದು ನಿಂತಿತು, ಯಾರನ್ನೋ ಹತ್ತಿಸಿಕೊಂಡಿತು, ಹೊರಟಿತು.

“ನಿಮ್ಮ ಬಸ್ಸು ಹೋಯ್ತು,” ಎಂದಳು ಚೇತನಾ.

“ಹೋಗಲಿ.”

“ನಂಗಿನ್ನೂ ಶೃಂಗೇರೀಲಿ ಒಂದು ಮನೆ ಇದೆ. ಸಂಜೆ ಆಗುತ್ತೆ.”

“ಆಗಲಿ.”

ಅವಳು ಎದ್ದು ಟಾರ್ಪಾಲು ಕೊಡವಿದಳು. ಅವನು ಇನ್ನೊಂದು ತುದಿ ಹಿಡಿದ, ಇಬ್ಬರೂ ಸೇರಿ ಮಡಚಿದರು. ಕೊನೆಯ ಮಡಿಕೆಯಲ್ಲಿ ಕೈಗೆ ಕೈ ತಾಗಿತು. ಅವಳು ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇಟ್ಟು, ಆಮೇಲೆ ಕೇಬಲ್ಲಿನ ದೊಡ್ಡ ಸುರುಳಿಯನ್ನು ಅವನ ಹೆಗಲಿಗೆ ಹಾಕಿದಳು.

“ಭಾರ ಇದೆ. ಗಟ್ಟಿ ಹಿಡ್ಕೊಳಿ.”

ಸ್ಕೂಟಿ ಶೃಂಗೇರಿಯ ಕಡೆ ಹೊರಟಿತು. ಹಿಂದೆ ಕೂತ ಪ್ರಸನ್ನ ಒಂದು ಕೈಯಲ್ಲಿ ಸುರುಳಿಯನ್ನು ಹಿಡಿದಿದ್ದ. ಇನ್ನೊಂದು ಕೈಯನ್ನು ಎಲ್ಲಿಡಲಿ ಎಂದು ಕೇಳಲೋ ಬೇಡವೋ ಎಂದು ಯೋಚಿಸುತ್ತಿದ್ದಾಗ, ಮುಂದಿನ ತಿರುವಿನಲ್ಲಿ ಅವಳೇ ಹೇಳಿದಳು. “ಆ ಕೈ ನನ್ನ ಹೆಗಲ ಮೇಲಿಡಿ.”